ಅಧ್ಯಕ್ಷ ಚಂದಯ್ಯನ ಎರಡು ಪಾಲು

ಕಿರುಕೋಡಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಎಂಟನೆಯ ತರಗತಿ ಮಂಜೂರಾದದ್ದು ಯಾವ ಶಿಕ್ಷಣತಜ್ಞರ ದೂರದೃಷ್ಟಿಯಿಂದಲೂ ಅಲ್ಲ. ಐಸ್ ಚಂದಯ್ಯನಿಗೆ ಒಂದು ಕುರ್ಚಿಯಿಂದ ಏಳಲು ಮನಸ್ಸಿರಲಿಲ್ಲ, ಅಷ್ಟೇ ಕಾರಣ. ಊರಿನ ಇತಿಹಾಸ ಬರೆಯುವವರು ಇದನ್ನು ಬೇರೆ ರೀತಿಯಲ್ಲಿ ಬರೆಯಬಹುದು. ಶಾಲೆಯ ಶತಮಾನೋತ್ಸವದ ಸ್ಮರಣಸಂಚಿಕೆಯಲ್ಲಿ ಈಗಾಗಲೇ ಬೇರೆ ರೀತಿಯಲ್ಲಿಯೇ ಬರೆದಿದ್ದಾರೆ.

ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಕುಳಿತವರಿಗೆ, ಸಮುದ್ರ ಒಮ್ಮೆ ಕಾಣಿಸಿ ಮರೆಯಾಗುವ ತಿರುವಿನಲ್ಲಿ ಚಂದಯ್ಯನ ಶೆಡ್ಡು ಸಿಗುತ್ತದೆ. ಗಂಗೊಳ್ಳಿಯಿಂದ ಬರುವ ಮಂಜುಗಡ್ಡೆಗಳನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ, ದೋಣಿಗಳಿಗೂ ಮೀನಿನ ಟೆಂಪೋಗಳಿಗೂ ತುಂಬಿಸುವುದು ಅವನ ಉದ್ಯೋಗ. ಬರಿಯ ಚಂದಯ್ಯ ಎಂದರೆ ಯಾವ ಚಂದಯ್ಯ ಎಂದು ಕೇಳುವವರು, ಐಸ್ ಚಂದಯ್ಯ ಎಂದರೆ ದಾರಿ ತೋರಿಸುತ್ತಾರೆ. ಓದಿದ್ದು ಇದೇ ಸರ್ಕಾರಿ ಶಾಲೆಯಲ್ಲಿ, ನಾಲ್ಕನೆಯ ತರಗತಿಯ ತನಕ. ಬಿಟ್ಟದ್ದೇಕೆ ಎಂದು ಕೇಳಿದರೆ, “ಮಾಸ್ಟ್ರಿಗೂ ನಂಗೂ ಸರಿ ಆಯ್ಲಿಲ್ಲ” ಎನ್ನುತ್ತಿದ್ದ, ಇಬ್ಬರೂ ಪಾಲುದಾರರಾಗಿದ್ದು ವ್ಯಾಪಾರ ಮುರಿದುಕೊಂಡವರಂತೆ.

1997ರ ಜೂನ್ ತಿಂಗಳಿನಲ್ಲಿ ನಮ್ಮ ಊರಿಗೆ ಇಂಗ್ಲಿಷ್ ಬಂತು. ಹೆದ್ದಾರಿಯ ಬದಿಯಲ್ಲಿ ಮುಚ್ಚಿಹೋಗಿದ್ದ ಗೇರುಬೀಜದ ಕಾರ್ಖಾನೆಯೊಂದನ್ನು ಮುಂಬಯಿಯಿಂದ ಮರಳಿದ ಶೈಲೇಶ್ ಎಂಬವರು ಕೊಂಡಿದ್ದರು. ಮುಂಬಯಿಯಲ್ಲಿ ಅವರದು ಹೋಟೆಲು. ಇಲ್ಲಿಯೂ ಮೊದಲು ಬಾರ್ ಮತ್ತು ರೆಸ್ಟೋರೆಂಟ್ ತೆರೆಯುವ ಯೋಚನೆಯಿತ್ತು, ಲೈಸೆನ್ಸಿಗೆ ತೊಡಕಾಯಿತು. ಶಾಲೆಗೆ ಅಂಥ ತೊಡಕುಗಳಿರಲಿಲ್ಲ. ಹೀಗಾಗಿ ‘ಗೋಲ್ಡನ್ ಆಂಕರ್ ಇಂಗ್ಲಿಷ್ ಮೀಡಿಯಂ ಸ್ಕೂಲ್’ ಎಂಬ ಫಲಕ ಮೇಲೇರಿತು. ಬೀಜ ಒಣಗಿಸುತ್ತಿದ್ದ ಅಂಗಳವು ಆಟದ ಬಯಲಾಯಿತು. ಬೀಜ ಒಡೆಯುತ್ತಿದ್ದ ಶೆಡ್ಡಿಗೆ ಅಡ್ಡ ಹಲಗೆಗಳನ್ನು ಹೊಡೆದು ಎಲ್.ಕೆ.ಜಿ., ಯು.ಕೆ.ಜಿ. ಎಂದು ಬರೆದರು. ಗೋಡೆಗೆ ಹಿಡಿದಿದ್ದ ಗೇರೆಣ್ಣೆಯ ವಾಸನೆ ಮಾತ್ರ ಹೋಗಲಿಲ್ಲ. ಮಳೆಗಾಲದಲ್ಲಿ ಮಕ್ಕಳ ಸಮವಸ್ತ್ರ ಮೂಸಿದರೆ ಯಾವ ಶಾಲೆಯವರೆಂದು ತಿಳಿಯುತ್ತಿತ್ತು. ಪಾಠ ಮಾಡಲು ಪಿಯುಸಿ ಮುಗಿಸಿ ಮದುವೆಗೆ ಕಾಯುತ್ತಿದ್ದ ಸುತ್ತಮುತ್ತಲಿನ ಹುಡುಗಿಯರನ್ನು ನೇಮಿಸಿದ್ದರಿಂದ, ಪ್ರತಿ ವೈಶಾಖದಲ್ಲಿ ಶಾಲೆಯ ಅರ್ಧ ಅಧ್ಯಾಪಕವರ್ಗ ಧಾರೆ ಎರೆಸಿಕೊಂಡು ಹೋಗಿಬಿಡುತ್ತಿತ್ತು. ಇದರಿಂದ ಯಾರಿಗೂ ಚಿಂತೆಯಾಗಲಿಲ್ಲ. ಟೈ ಇತ್ತು, ಬೂಟು ಇತ್ತು, ಮನೆಯ ಬಾಗಿಲಿಗೆ ಬಂದು ಹಾರ್ನ್ ಹಾಕುವ ಹಳದಿ ವ್ಯಾನು ಇತ್ತು. ವ್ಯಾನು ನಿಲ್ಲುವ ಮನೆ, ನಿಲ್ಲದ ಮನೆ ಎಂದು ಊರು ಎರಡಾಯಿತು.

ಚಂದಯ್ಯನಿಗೆ ಇಬ್ಬರು ಮಕ್ಕಳು. ದೊಡ್ಡವಳು ನವ್ಯಶ್ರೀ, ಎರಡು ವರ್ಷಕ್ಕೆ ಕಿರಿಯವನು ಮನೀಷ. 2000ದಲ್ಲಿ ಅಕ್ಕನನ್ನು ಒಂದನೆಯ ತರಗತಿಗೂ ತಮ್ಮನನ್ನು ಎಲ್.ಕೆ.ಜಿ.ಗೂ ಸೇರಿಸುವ ಸಂದರ್ಭ ಒಟ್ಟಿಗೇ ಬಂತು. ವ್ಯಾನಿಗೆ ಒಬ್ಬರನ್ನು ಹತ್ತಿಸುವಷ್ಟು ಅನುಕೂಲವಿತ್ತು. ಯಾರು ಹತ್ತಬೇಕು ಎಂಬ ಬಗ್ಗೆ ಗಂಡ ಹೆಂಡಿರಲ್ಲಿ ಚರ್ಚೆಯಾಗಲಿಲ್ಲ, ಏಕೆಂದರೆ ಅದು ಚರ್ಚೆಯ ವಿಷಯವೆಂದು ಇಬ್ಬರಿಗೂ ತೋರಲಿಲ್ಲ. ಚಂದಯ್ಯನ ಹೆಂಡತಿ ಕುಸುಮ ಮಗನಿಗೆ ಟೈ ಕಟ್ಟಿದಳು. ನವ್ಯಶ್ರೀ ಚೀಲ ಹೆಗಲಿಗೇರಿಸಿ ಗದ್ದೆಯಂಚಿನಲ್ಲಿ ನಡೆದಳು.

ಮರುವರ್ಷ ಸರ್ಕಾರವು ಪ್ರತಿ ಶಾಲೆಗೂ ‘ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ’ ರಚಿಸಬೇಕೆಂದು ಆದೇಶಿಸಿತು. ಅದರ ಅಧ್ಯಕ್ಷರು ಆ ಶಾಲೆಯಲ್ಲಿ ಓದುವ ಮಗುವಿನ ತಂದೆಯೋ ತಾಯಿಯೋ ಆಗಿರಬೇಕು. ಸಭೆಯ ದಿನ ಹೆಚ್ಚಿನವರು ಬಲೆಗೆ ಹೋಗಿದ್ದರು. ಬಂದವರಲ್ಲಿ ಬಿಳಿ ಅಂಗಿ ಧರಿಸಿದ್ದವನು ಚಂದಯ್ಯನೊಬ್ಬನೇ. ಹೀಗೆ ಅವನು ಅಧ್ಯಕ್ಷನಾದ.

ಆ ಪದವಿ ಅವನನ್ನು ಬದಲಿಸಿದ ರೀತಿಯನ್ನು ಕಂಡವರೇ ಬಲ್ಲರು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕೈಯಿರುವ ಕುರ್ಚಿಗಳು ಎರಡೇ ಇದ್ದವು, ಒಂದು ಅವನದಾಯಿತು. ನಾಲ್ಕನೆಯ ತರಗತಿಯಲ್ಲಿ ಯಾವ ಬಾಗಿಲಿನ ಹೊರಗೆ ನಿಲ್ಲಿಸಿದ್ದರೋ ಅದೇ ಬಾಗಿಲಿನೊಳಗೆ ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿಯುವ ಸುಖ ಸಣ್ಣದಲ್ಲ. ಮೊದಲ ಸ್ವಾತಂತ್ರ್ಯ ದಿನದಂದು ಧ್ವಜ ಕಟ್ಟುವ ಕೆಲಸವನ್ನೂ ತಾನೇ ವಹಿಸಿಕೊಂಡು, ಹುಟ್ಟಿದಂದಿನಿಂದ ಕಲಿತ ಬಲೆಯ ಗಂಟನ್ನೇ ಹಾಕಿದ. ರಾಷ್ಟ್ರಗೀತೆ ಮುಗಿದರೂ ಗಂಟು ಬಿಚ್ಚಲಿಲ್ಲ. ಧ್ವಜವು ಬಂಗುಡೆ ಮೀನಿನ ಕಟ್ಟಿನಂತೆ ಮೇಲೆಯೇ ಉಳಿಯಿತು. ಕೆಳಗಿಳಿಸಿ ಬಿಚ್ಚಿ, ಎರಡನೆಯ ಸಲ ಹಾರಿಸಿದ ಮೇಲೆ ಚಂದಯ್ಯ ಮಕ್ಕಳಿಗೆ ಸ್ವಾತಂತ್ರ್ಯ ಸುಲಭವಾಗಿ ಸಿಕ್ಕಿದ್ದಲ್ಲವೆಂದು ಭಾಷಣ ಮಾಡಿದ.

ಇಷ್ಟಾಗಿಯೂ ಮಗ ಹಳದಿ ವ್ಯಾನಿನಲ್ಲಿಯೇ ಹೋಗುತ್ತಿದ್ದ. ಊರಿನವರು ಇದನ್ನು ಗಮನಿಸದೆ ಇರಲಿಲ್ಲ. ಶೆಡ್ಡಿನಲ್ಲಿ ಒಂದು ಬೆಳಿಗ್ಗೆ ಸೂರ ಕೇಳಿಯೇಬಿಟ್ಟ. ಸೂರನೆಂದರೆ ನಮ್ಮ ಕೇರಿಯ ಕೈರಂಪಣಿ ಕೂಟದ ಹಿರಿಯ, ಮಾತು ಕಡಿಮೆ, ಆಡಿದರೆ ಮೀನಿನ ಮುಳ್ಳು.

“ಹ್ವಾಯ್ ಚಂದಯ್ಯ, ಸರ್ಕಾರಿ ಶಾಲಿ ಅಧ್ಯಕ್ಷ್ರ್ ಹೈದ ಹಳದಿ ವ್ಯಾನಂಗ್ ಹೋತ ಅಂಬ್ರಲೆ, ಹೌದಾ?”

“ಹೋತ ಸೂರಣ್ಣ. ಹೆಣ್ ಇಲ್ಲೇ ಇತ್ತಲೆ. ಮನಿಯಿಂದ ಒಂದ್ ಜನ ಹಗ್ಗ ಹಿಡ್ದ್ರೆ ಪಾಲ್ ಇತ್ತೋ ಇಲ್ಯೋ, ನೀವೇ ಹೇಳಿ.”

“ಪಾಲ್ ಇತ್ತಪ್ಪ. ಗಂಡ್ ಹೈದನ್ನ್ ಬದಿಗಿಟ್ಟ್ ಹೆಣ್ ಮಗಿನ್ ಕೈಯಂಗ್ ಹಗ್ಗ ಕೊಟ್ಟಿದ್ಯಲ, ಅದ್ಕೆ ಕೇಂಡೆ.”

ಹೊರಗಿನವರಿಗೆ ಈ ಮಾತನ್ನು ವಿವರಿಸಬೇಕು. ಕೈರಂಪಣಿ ಬಲೆ ಒಬ್ಬರ ಸೊತ್ತಲ್ಲ, ಕೂಟದ್ದು. ದಡದಿಂದ ಬಲೆ ಎಳೆಯುವಾಗ ಮನೆಗೊಬ್ಬರು ಹಗ್ಗ ಹಿಡಿಯಬೇಕು. ಹಿಡಿದ ಮನೆಗೆ ಮೀನಿನಲ್ಲಿ ಪಾಲು. ಐಸಿನ ವ್ಯಾಪಾರವಿದ್ದರೂ ಚಂದಯ್ಯನ ಮನೆಯೂ ಈ ಕೂಟದಲ್ಲಿತ್ತು. ಯಜಮಾನನಿಗೆ ಜ್ವರ ಬಂದರೆ ತಮ್ಮನೋ ಅಳಿಯನೋ ಬದಲಿಗೆ ನಿಲ್ಲಬಹುದು. ಎಳೆದವರು ಯಾರೇ ಆಗಲಿ, ಪಾಲು ಮಾತ್ರ ಮನೆಗೆ. ಚಂದಯ್ಯ ಸರ್ಕಾರಿ ಶಾಲೆಯನ್ನೂ ಇಂಥದೊಂದು ಬಲೆಯೆಂದೇ ತಿಳಿದಿದ್ದ. ಮಗಳು ಹಗ್ಗಕ್ಕೆ ನಿಲ್ಲಿಸಿದ ಜನ. ಕುರ್ಚಿ ಮನೆಗೆ ಬಂದ ಪಾಲು. ಈ ಲೆಕ್ಕದಲ್ಲಿ ಅವನಿಗೆ ಎಲ್ಲಿಯೂ ತಪ್ಪು ಕಾಣಲಿಲ್ಲ, ಸೂರನಿಗೂ ಕಾಣಲಿಲ್ಲ ಎಂದೇ ಹೇಳಬೇಕು.

ಸರ್ಕಾರಿ ಶಾಲೆಯ ಸ್ಥಿತಿಯನ್ನೂ ಮುಚ್ಚಿಡುವುದು ಸರಿಯಲ್ಲ. ಹಂಚಿನ ಮಾಡು, ಎರಡೆರಡು ತರಗತಿಗೆ ಒಂದೇ ಕೋಣೆ, ಶಿಕ್ಷಕರಿಗೆ ಜನಗಣತಿ, ಮತದಾರರ ಪಟ್ಟಿ, ತರಬೇತಿ, ಮರುತರಬೇತಿ. ಉಳಿದ ದಿನಗಳಲ್ಲಿ ಪಾಠ. ಮುಖ್ಯೋಪಾಧ್ಯಾಯಿನಿ ಸ್ವರ್ಣಲತಾ ಬ್ರಹ್ಮಾವರದ ಕಡೆಯವರು, ಕೆಲಸದಲ್ಲಿ ನಿಷ್ಠುರರು. ಪ್ರತಿ ಮೇ ತಿಂಗಳಿನಲ್ಲಿ ಬಿಸಿಲಿಗೆ ಕೊಡೆ ಹಿಡಿದು ಮನೆಮನೆಗೆ ಹೋಗಿ, ‘ನಮ್ಮ ಶಾಲೆಗೇ ಮಕ್ಕಳನ್ನು ಕಳುಹಿಸಿ’ ಎಂದು ಕೇಳಿಕೊಳ್ಳುತ್ತಿದ್ದರು. ಅವರ ಮಗನೂ ಗೋಲ್ಡನ್ ಆಂಕರಿನಲ್ಲಿ ಓದುತ್ತಿದ್ದ. ಇದನ್ನು ಅವರ ಮುಖದ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಹೇಳುವ ಹಕ್ಕು ಇದ್ದವರೂ ಕಡಿಮೆ. ಊರಿನಲ್ಲಿ ಸರ್ಕಾರಿ ಶಾಲೆ ಉಳಿಯಬೇಕೆಂದು ಬಯಸದವರಿಲ್ಲ. ಬೇರೆಯವರ ಮಕ್ಕಳಿಂದ ಉಳಿಯಲಿ ಎಂಬುದೊಂದೇ ಎಲ್ಲರ ಆಸೆ.

ತೊಂದರೆ ಪ್ರಾರಂಭವಾದದ್ದು 2006ರಲ್ಲಿ. 1908ರಲ್ಲಿ ಸ್ಥಾಪನೆಯಾದ ಶಾಲೆಗೆ ನೂರು ತುಂಬುತ್ತಿತ್ತು. 2008ರ ಜನವರಿಯಲ್ಲಿ ಶತಮಾನೋತ್ಸವ, ಹೊಸ ರಂಗಮಂಟಪ, ಅದರ ಗೋಡೆಯಲ್ಲಿ ಹೆಸರು ಕೊರೆದ ಕಪ್ಪು ಕಲ್ಲು ಎಂದು ನಿಶ್ಚಯವಾಯಿತು. ಕಲ್ಲಿನಲ್ಲಿ ಸಮಿತಿಯ ಅಧ್ಯಕ್ಷರ ಹೆಸರು ಮೂರನೆಯದು. ಚಂದಯ್ಯ ಆ ಸಂಜೆ ಮನೆಗೆ ಬರುವಾಗ ನಡಿಗೆಯೇ ಬೇರೆಯಾಗಿತ್ತು. ನವ್ಯಶ್ರೀ ಈಗ ಏಳನೆಯ ತರಗತಿಯಲ್ಲಿದ್ದಾಳೆ, ಆ ಶಾಲೆಯಲ್ಲಿ ಏಳೇ ಕೊನೆ, 2007ರ ಏಪ್ರಿಲಿನಲ್ಲಿ ಅವಳು ಹೊರಬಿದ್ದೊಡನೆ ತಾನೂ ಹೊರಬೀಳುತ್ತೇನೆ ಎಂಬುದು ಹೊಳೆದದ್ದು ರಾತ್ರಿ ಊಟಕ್ಕೆ ಕುಳಿತಾಗ. ಅನ್ನ ಅರ್ಧಕ್ಕೇ ಉಳಿಯಿತೆಂದು ಕುಸುಮ ನಂತರ ಹೇಳುತ್ತಿದ್ದಳು.

ಮನೀಷನನ್ನು ವ್ಯಾನಿನಿಂದ ಇಳಿಸಿ ಸರ್ಕಾರಿ ಶಾಲೆಗೆ ಸೇರಿಸಿದರೆ ಎಲ್ಲವೂ ಮುಗಿಯುತ್ತಿತ್ತು. ಇದು ಊರಿನ ಎಲ್ಲರಿಗೂ ಹೊಳೆಯಿತು. ಚಂದಯ್ಯನಿಗೆ ಮಾತ್ರ ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ಅವನು ಊರ್ಜಿತವಾಗಲು ಬಿಡಲಿಲ್ಲ.

ಅವನು ಮೊದಲು ಬದಲಿ ಜನವನ್ನು ಹುಡುಕಿದ. ಗಂಗೊಳ್ಳಿಯಲ್ಲಿದ್ದ ತಂಗಿಯ ಮಗನನ್ನು ಒಂದು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು, ಪೋಷಕನೆಂದು ಸಹಿ ಹಾಕಿ ಕುರ್ಚಿ ಉಳಿಸಿಕೊಳ್ಳುವುದೆಂದು ಯೋಜನೆ. ತಂಗಿ ಕೈಯಲ್ಲಿದ್ದ ಮೀನಿನ ಬುಟ್ಟಿಯನ್ನು ಕೆಳಗಿಟ್ಟು ಉತ್ತರ ಕೊಟ್ಟಳು:

“ನಿನ್ ಹೈದ ಟೈ ಕಟ್ಕಂಡ್ ಹೋಪುದ್, ನನ್ ಹೈದ ನಿನ್ ಕುರ್ಚಿ ಕಾವುಕೆ ಬಪ್ಪುದಾ ಅಣ್ಣಾ? ನಮ್ ಹೈದನೂ ಇಂಗ್ಲಿಷ್ ಮೀಡಿಯಮ್ಮೇ, ಗೊತ್ತಿರ್ಲಿ.”

ಮರಳಿ ಬಂದವನು ನೇರವಾಗಿ ಸ್ವರ್ಣಲತಾ ಅವರ ಕೋಣೆಗೆ ಹೋದ.

“ಟೀಚರೆ, ನಮ್ ಹೆಣ್ಣಿನ್ ಓದ್ ಹ್ಯಾಂಗಿತ್ತ್?”

“ಕ್ಲಾಸಿಗೇ ಫಸ್ಟ್ ಮಾರಾಯ್ರೆ. ನೀವ್ ಚಿಂತೆ ಮಾಡುದೇ ಬೇಡ.”

“ಚಿಂತಿ ಅದೇಯೆ ಟೀಚರೆ. ಇನ್ನೊಂದ್ ವರ್ಷ ಏಳ್ರಂಗೇ ಕೂಕಣ್ಲಿ. ಪಾಯ ಗಟ್ಟಿ ಆತ್ತ್ ಅಲ್ದಾ?”

“ಫಸ್ಟ್ ಬಂದವ್ಳನ್ನ ಫೇಲ್ ಮಾಡ್ಕಾ ನಾನ್?”

“ಛೆ ಛೆ, ಫೇಲ್ ಬೇಡ. ಫೇಲ್ ಅಂದ್ರೆ ನಮ್ ಮರ್ಯಾದಿ ಪ್ರಶ್ನೆ. ಪಾಸ್ ಮಾಡಿ. ಆರೆ ಕಳ್ಸ್ಬೇಡಿ.”

“ಕಳ್ಸ್ದೆ ಇಟ್ಕಂಬುಕೆ ಇಲ್ಲಿ ಎಂಟನೇ ಕ್ಲಾಸ್ ಇತ್ತಾ ಚಂದಯ್ಯ?”

ಸ್ವರ್ಣಲತಾ ಇದನ್ನು ಸಿಟ್ಟಿನಿಂದ ಹೇಳಿದರೋ ಅಥವಾ ಯೋಚಿಸಿ ಹೇಳಿದರೋ ಎಂಬುದನ್ನು ನಾನು ಅವರನ್ನು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಅವರು ಚಹಾ ತರಿಸಿದರು. ಎಂಟನೆಯ ತರಗತಿ ಬಂದರೆ ಶಾಲೆಗೆ ಇನ್ನೊಬ್ಬ ಶಿಕ್ಷಕರು ಬರುತ್ತಾರೆ, ಮಕ್ಕಳ ಸಂಖ್ಯೆ ಕುಸಿಯುವುದು ನಿಲ್ಲುತ್ತದೆ ಎಂದು ಅವರು ಹಲವು ವರ್ಷಗಳಿಂದ ಬರೆಯುತ್ತಿದ್ದ ಮನವಿಗಳಿಗೆ ಯಾರೂ ಉತ್ತರಿಸಿರಲಿಲ್ಲ, ಅಷ್ಟಂತೂ ನಿಜ.

ಚಂದಯ್ಯ ಎದ್ದ. ಮುಂದಿನ ಎಂಟು ತಿಂಗಳು ಅವನು ಐಸನ್ನು ಆಳುಗಳಿಗೆ ಬಿಟ್ಟು ಕಚೇರಿಗಳನ್ನು ಸುತ್ತಿದ. ಒಂದು ಕಚೇರಿಗೆ ಥರ್ಮೋಕೋಲ್ ಡಬ್ಬಿಯಲ್ಲಿ ಐಸು ತುಂಬಿ ದೊಡ್ಡದೊಂದು ಅಂಜಲ್ ಮೀನನ್ನು ಕೊಂಡುಹೋದ. ಆ ಅಧಿಕಾರಿ ಶಾಕಾಹಾರಿ, ಸಾಲದ್ದಕ್ಕೆ ಪ್ರಾಮಾಣಿಕರು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದವನನ್ನು ಕಂಡಕ್ಟರು ಎಲ್ಲರಿಂದ ದೂರ, ಹಿಂದಿನ ಸೀ‌ಟಿಗೆ ಕಳುಹಿಸಿದನಂತೆ. ಇನ್ನೊಬ್ಬ ಅಧಿಕಾರಿ, ಅಕ್ಕಪಕ್ಕದ ಊರುಗಳಿಂದ ಎಂಟನೆಯ ತರಗತಿಗೆ ಸಾಕಷ್ಟು ಮಕ್ಕಳು ಬರುತ್ತಾರೆಂದು ಪೋಷಕರ ಒಪ್ಪಿಗೆ ತನ್ನಿ ಎಂದರು. ಚಂದಯ್ಯ ಮನೆಮನೆಗೆ ಹೋಗಿ ಅಂಗಳದಲ್ಲಿ ನಿಂತು ಉಪನ್ಯಾಸ ಮಾಡತೊಡಗಿದ. ಕನ್ನಡ ಶಾಲೆಯ ಮಹತ್ವವೇನು, ಖಾಸಗಿ ಶಾಲೆಗಳ ವ್ಯಾಪಾರವೇನು, ಪಿಯುಸಿ ಓದಿದವರು ಪಾಠ ಮಾಡುವುದೇನು! ಅವನು ಹೇಳಿದ್ದರಲ್ಲಿ ಒಂದಂಶವೂ ಸುಳ್ಳಿರಲಿಲ್ಲ. ಮಗನನ್ನು ಅಲ್ಲಿಯೇ ಓದಿಸುತ್ತಿದ್ದುದರಿಂದ ಎಲ್ಲ ವಿವರಗಳೂ ಅವನಿಗೆ ಖಚಿತವಾಗಿ ಗೊತ್ತಿದ್ದವು.

“ಅಷ್ಟ್ ಹಾಳ್ ಶಾಲಿಗ್ ನಿಮ್ ಹೈದನ್ನ್ ಎಂತಕ್ ಕಳ್ಸುದ್ ಚಂದಯ್ಯಣ್ಣ?” ಎಂದು ಒಬ್ಬಾಕೆ ಕೇಳಿದಳು.

“ಒಳ್ಗೆ ಒಂದ್ ಜನ ಇದ್ರೆ ಅಲ್ದಾ ಮಾರಾಯ್ತಿ, ಸುದ್ದಿ ಗೊತ್ತಾಪ್ದ್?”

2007ರ ಮೇ ತಿಂಗಳಿನಲ್ಲಿ ಆದೇಶ ಬಂತು. ಎಂಟನೆಯ ತರಗತಿ ಮಂಜೂರಾಗಿತ್ತು. ಸರ್ಕಾರ ಎಂಟನೆಯವರಿಗೆ ಸೈಕಲ್ ಕೊಡಲು ಪ್ರಾರಂಭಿಸಿದ್ದ ಕಾಲ ಅದು, ಮಕ್ಕಳೂ ಸಾಲುಗಟ್ಟಿದರು. ಚಂದಯ್ಯ ಶೆಡ್ಡಿಗೆ ಬಂದವರಿಗೆಲ್ಲ ಲಾಡು ಹಂಚಿ, ಸಂಜೆ ಮನೆಗೆ ಬಂದು ಮಗಳನ್ನು ಕರೆದ. ನವ್ಯಶ್ರೀ ಕುಂದಾಪುರದ ಹೈಸ್ಕೂಲಿಗೆ ಹೋಗುವುದೆಂದು ಗೆಳತಿಯರೊಡನೆ ಮಾತನಾಡಿಕೊಂಡಿದ್ದಳು. ಬಸ್ಸಿನ ಪಾಸಿಗೆ ಫೋಟೋ ತೆಗೆಸಿಯೂ ಆಗಿತ್ತು.

“ನಾ ಕುಂದಾಪ್ರಕ್ಕೇ ಹೋತೆ ಅಪ್ಪಯ್ಯ.”

“ಅಷ್ಟ್ ದೂರ ಎಂತಕ್ ಮಗಾ? ನಿಂಗಾಯಿ ಕ್ಲಾಸನ್ನೇ ಇಲ್ಲಿಗ್ ತಂದಿದೆ.”

“ನಂಗಾಯಿ ಅಲ್ಲ, ನಿಮ್ ಕುರ್ಚಿಗಾಯಿ.”

“ಅಪ್ಪಯ್ಯಂಗ್ ಹಾಂಗ್ ಹೇಳುದಾ?” ಎಂದು ಕುಸುಮ ಒಳಗಿನಿಂದ ಗದರಿದಳು.

ಮಗಳು ದನಿ ಏರಿಸಲಿಲ್ಲ. “ಏಳ್ ವರ್ಷ ಹಗ್ಗ ಹಿಡ್ದದ್ ನಾನ್. ಪಾಲ್ ಎಲ್ಲಾ ನಿಮ್ಗ್. ನನ್ ಪಾಲ್ ಎಲ್ಲಿತ್ತ್?”

“ಎಂತ ಬೇಕ್ ನಿಂಗೆ? ಸೈಕಲ್ ಸರ್ಕಾರವೇ ಕೊಡತ್ತ್. ಬೆಳ್ಳಿ ಗೆಜ್ಜಿ ಮಾಡ್ಸಿ ಕೊಡ್ಕಾ?”

“ಗೆಜ್ಜಿ ಬೇಡ. ಮನೀಷ ಬರ್ಲಿ. ಅವ ಇಲ್ಲಿ ಆರ್ರಂಗ್ ಕೂಕಣ್ಲಿ, ನಾ ಎಂಟ್ರಂಗ್ ಕೂಕಣ್ತೆ. ಊರಿಡೀ ಹೇಳ್ಕಂಡ್ ಬಂದ್ರಿ ಅಲ್ದಾ ಈ ಶಾಲಿ ಲಾಯ್ಕ್ ಅಂದೇಳಿ? ಲಾಯ್ಕ್ ಆರೆ ಅವ್ನಿಗೂ ಬೇಕ್. ಇಲ್ದಿದ್ರೆ ನಂಗೂ ಬೇಡ.”

ಕುಸುಮ ಒಳಗಿನಿಂದ ಹೊರಗೆ ಬಂದಳು. ವ್ಯಾನು ನಿಲ್ಲುವ ಮನೆಯವಳೆಂದು ಮೀನು ಮಾರ್ಕೆಟ್ಟಿನಲ್ಲಿಯೂ ಮದುವೆಯ ಪಂಕ್ತಿಯಲ್ಲಿಯೂ ಏಳು ವರ್ಷದಿಂದ ಗಳಿಸಿದ್ದೆಲ್ಲ ಒಂದು ಮಾತಿಗೆ ಹೋಗುವುದು ಅವಳಿಗೆ ಕಂಡಿತು. “ಹೈದನ್ ಟೈ ಬಿಚ್ಚಿರೆ ನಾ ಅಪ್ಪನ್ಮನಿಗ್ ಹೋತೆ” ಎಂದಳು. ಚಂದಯ್ಯ ಶೆಡ್ಡಿಗೆ ಹೋಗಿ ಮಂಜುಗಡ್ಡೆಯ ಮಗ್ಗುಲಲ್ಲಿ ಕುಳಿತ. ಒಂದು ಕಡೆ ಮಗನ ಟೈ, ಇನ್ನೊಂದು ಕಡೆ ಕಲ್ಲಿನ ಮೇಲಿನ ಹೆಸರು. ಎರಡೂ ಮರ್ಯಾದೆಯೇ. ಆದರೆ ಟೈಯನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು, ಕಲ್ಲು ಹಾಗಲ್ಲ.

ಜೂನ್ ಮೊದಲ ವಾರ ಮನೀಷ ಗದ್ದೆಯಂಚಿನಲ್ಲಿ ಅಕ್ಕನ ಹಿಂದೆ ನಡೆದುಕೊಂಡು ಬಂದ. ಕುಸುಮ ಅಪ್ಪನ ಮನೆಗೆ ಹೋಗಲಿಲ್ಲ. ಮಳೆ ಗಟ್ಟಿಯಾಗಿ ಹಿಡಿಯುವ ತನಕ ಗಂಡನೊಡನೆ ಮಾತು ಬಿಟ್ಟಳು, ಅಷ್ಟೇ.

ಏಳು ವರ್ಷ ಇಂಗ್ಲಿಷಿನಲ್ಲಿ ಕಲಿತ ಹುಡುಗನೆಂದು ಸರ್ಕಾರಿ ಶಾಲೆಯಲ್ಲಿ ಎಲ್ಲರಿಗೂ ಕುತೂಹಲ. ಅಕ್ಷರ ದುಂಡಾಗಿತ್ತು. ಹೊರಗೆ ಹೋಗಲು, ನೀರು ಕುಡಿಯಲು, ಒಳಗೆ ಬರಲು ಇಂಗ್ಲಿಷಿನಲ್ಲಿ ಅನುಮತಿ ಕೇಳುತ್ತಿದ್ದ. ಸ್ವರ್ಣಲತಾ ಅವನನ್ನು ಪರೀಕ್ಷಿಸಲೆಂದು, ನಮ್ಮ ಸಮುದ್ರದ ಬಗ್ಗೆ ನಾಲ್ಕು ವಾಕ್ಯ ಬರಿ, ಕನ್ನಡವೋ ಇಂಗ್ಲಿಷೋ ನಿನ್ನ ಇಷ್ಟ ಎಂದರು. ಹುಡುಗ ಪೆನ್ಸಿಲ್ ಹಿಡಿದು ಬಹಳ ಹೊತ್ತು ಕುಳಿತ. ನಂತರ ವಿನಯದಿಂದ ಕೇಳಿದ:

“ಇದ್ ಎಷ್ಟನೇ ಪ್ರಶ್ನೆ, ಮಿಸ್?”

ಆಂಕರಿನಲ್ಲಿ ಪಾಠಕ್ಕೆ ಪ್ರಶ್ನೆಗಳೆಷ್ಟೋ ಉತ್ತರಗಳೂ ಅಷ್ಟೇ. ಮಿಸ್ ಬರೆಸಿದ್ದನ್ನು ಸಂಖ್ಯೆಯಿಂದ ನೆನಪಿಟ್ಟುಕೊಳ್ಳುವುದು ಪದ್ಧತಿ. ಸಮುದ್ರಕ್ಕೆ ಸಂಖ್ಯೆ ಇರಲಿಲ್ಲ. ಸ್ವರ್ಣಲತಾ ಆ ವಾರ ತಮ್ಮ ಮಗನಿಗೂ ಮನೆಯಲ್ಲಿ ಅದೇ ನಾಲ್ಕು ವಾಕ್ಯ ಬರೆಯಲು ಹೇಳಿದರಂತೆ. ಅವನೇನು ಕೇಳಿದನೆಂದು ಅವರು ಹೇಳಲಿಲ್ಲ.

2008ರ ಜನವರಿ ಬಂತು. ರಂಗಮಂಟಪಕ್ಕೆ ಸುಣ್ಣ, ಅಂಗಳಕ್ಕೆ ಶಾಮಿಯಾನ, ಮುಂಬಯಿಯಿಂದ ಹಳೆವಿದ್ಯಾರ್ಥಿಗಳು. ಪರದೆ ಸರಿಸಿದಾಗ ಕಪ್ಪು ಕಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿ ಮೂರನೆಯ ಹೆಸರು: ‘ಶ್ರೀ ಚಂದಯ್ಯ, ಅಧ್ಯಕ್ಷರು’. ಅವನು ಶಾಲು ಹೊದ್ದು, ಪುಸ್ತಕದ ಕನ್ನಡದಲ್ಲಿ ಭಾಷಣ ಮಾಡಿದ. “ಖಾಸಗಿ ಶಾಲೆಗಳ ವ್ಯಾಮೋಹವನ್ನು ನಾವು ಕಿತ್ತೊಗೆಯಬೇಕು. ನಾನು ಹೇಳುವುದಿಲ್ಲ, ಮಾಡಿ ತೋರಿಸಿದ್ದೇನೆ. ನನ್ನ ಇಬ್ಬರೂ ಮಕ್ಕಳು ಇಂದು ಈ ಶಾಲೆಯಲ್ಲಿದ್ದಾರೆ” ಎಂದಾಗ ಬಂದ ಚಪ್ಪಾಳೆ ಬಹಳ ಹೊತ್ತು ನಡೆಯಿತು. ಮುಖ್ಯ ಅತಿಥಿಗಳು ಎದ್ದು ಕೈಕುಲುಕಿದರು.

ಮುಂದೆ ಮಾತನಾಡಬೇಕಾದವರು ಶಾಮಿಯಾನದ ದಾನಿಗಳಾದ ಶೈಲೇಶ್. ಸ್ಪರ್ಧೆಯ ಶಾಲೆಯವರನ್ನು ವೇದಿಕೆಗೆ ಕರೆಯುವುದು ಸರಿಯೇ ಎಂದು ಸಮಿತಿಯಲ್ಲಿ ಪ್ರಶ್ನೆ ಬಂದಿತ್ತು; ಶಾಮಿಯಾನದ ವೆಚ್ಚ ಕೇಳಿದ ಮೇಲೆ ಪ್ರಶ್ನೆ ಹೋಯಿತು. ಅವರು ಮುಂಬಯಿ ಬೆರೆತ ಕನ್ನಡದಲ್ಲಿ ಸ್ನೇಹದಿಂದಲೇ ಮಾತನಾಡಿದರು.

“ಸರ್ಕಾರಿ ಶಾಲಿಯೂ ನಮ್ ಶಾಲಿಯೂ ಭಾಯಿ ಭಾಯಿ. ಅದ್ಕೆ ಚಂದಯ್ಯ ಸೇಠ್ರೇ ಸಾಕ್ಷಿ. ಅವ್ರ್ ಮಗ ಈ ವರ್ಷ ಇಲ್ಲಿ ಕೂತಿದ್ದ. ಆದ್ರೂ ನಮ್ಮಲ್ಲಿ ಅವ್ನ ಸೀಟ್ ಹೋಪುಕಾಗ ಅಂದೇಳಿ ಫೀಸ್ ಫುಲ್ ಕಟ್ಟಿದ್ರ್. ಜೂನಿಗ್ ಹೈದ ನಮ್ಮಲ್ಲಿಗೆ ವಾಪಸ್. ಇಂಥ ಪೇರೆಂಟ್ ಬೊಂಬಾಯಂಗೂ ಸಿಕ್ಕುದಿಲ್ಲ. ಜೋರಾಗ್ ತಾಲಿ ತಟ್ಟಿ!”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಕೆಮ್ಮಿದರು, ಕೆಮ್ಮು ನಗೆಯಾಯಿತು, ನಗೆ ಮುಂದಿನ ಸಾಲಿಗೆ ಬಂತು. ಮುಖ್ಯ ಅತಿಥಿಗಳು ಆಮಂತ್ರಣ ಪತ್ರಿಕೆಯನ್ನು ಗಮನವಿಟ್ಟು ಓದತೊಡಗಿದರು. ಹೆಣ್ಣುಮಕ್ಕಳ ಸಾಲಿನಲ್ಲಿದ್ದ ನವ್ಯಶ್ರೀ ನಗಲಿಲ್ಲ. ಎದ್ದು ಶಾಮಿಯಾನದ ಹೊರಗೆ ಹೋದಳು.

ಮರುದಿನ ಬೆಳಿಗ್ಗೆ ದಡದಲ್ಲಿ ಬಲೆ ಎಳೆಯುವ ಹೊತ್ತಿಗೆ ಚಂದಯ್ಯ ಎಂದಿನಂತೆ ಹೋಗಿ ಹಗ್ಗಕ್ಕೆ ಕೈ ಹಾಕಿದ. ಸೂರ ಹಗ್ಗವನ್ನು ಅವನ ಕೈಯಿಂದ ಮೆತ್ತಗೆ ತೆಗೆದುಕೊಂಡ.

“ಒಂದೇ ಜನದ್ ಹೆಸ್ರಂಗ್ ಎರಡ್ ಬಲಿಯಂಗ್ ಪಾಲ್ ಹಿಡ್ದವ್ರಿಗ್ ನಾವ್ ಹಗ್ಗ ಕೊಡುದಿಲ್ಲ ಚಂದಯ್ಯ. ಗೊತ್ತಿತ್ತಲೆ ನಿಂಗ್.”

“ಅದ್ ಶಾಲಿ ಸೂರಣ್ಣ! ಶಾಲಿಗೂ ಬಲಿಗೂ ಎಂತ ಸಂಬಂಧ?”

“ಸಂಬಂಧ ನೀನೇ ಅಲ್ದಾ ಹೇಳದ್? ಹೆಣ್ ಹಗ್ಗ ಹಿಡ್ದಿತ್ತ್, ಪಾಲ್ ಮನಿಗ್ ಅಂದೆ. ಸರಿ ಅಂದ್ಯೊ ನಾವ್. ಹೈದನ್ನೂ ಇಲ್ಲಿ ನಿಲ್ಸ್ದೆ. ಬಾರಿ ಸಂತೋಷ ಅಂದ್ಯೊ. ಕಡಿಗ್ ಕಂಡ್ರೆ ಅದೇ ಹೈದನ್ ಹೆಸ್ರಂಗ್ ಅಲ್ಲೂ ಪಾಲ್. ಇದ್ ಯಾವ್ ದಡದಂಗೂ ನಡಿಯುದಿಲ್ಲ.”

ಹಗ್ಗ ಹಿಡಿದು ನಿಂತಿದ್ದವರೆಲ್ಲ ತಲೆಯಾಡಿಸಿದರು. ಇದನ್ನು ಗಮನಿಸಬೇಕು. ಮಕ್ಕಳಿಗೆ ಸಿಗುವ ಶಿಕ್ಷಣದ ಬಗ್ಗೆ ಹತ್ತು ವರ್ಷಗಳಿಂದ ಒಂದು ಮಾತನ್ನೂ ಆಡದ ನಮ್ಮ ಊರಿಗೆ, ಅಧ್ಯಕ್ಷನೇ ಮಗನನ್ನು ವ್ಯಾನಿಗೆ ಹತ್ತಿಸಿದಾಗ ಬಾರದ ಸಿಟ್ಟು, ಮಗಳನ್ನು ಕುರ್ಚಿಗೆ ಕಾವಲಿಟ್ಟಾಗ ಬಾರದ ಸಿಟ್ಟು, ಪಾಲಿನ ನಿಯಮ ಮುರಿದಾಗ ಬಂತು. ಒಂದು ಕಡೆಯದನ್ನು ಬಿಡುವ ತನಕ ಅವನ ಶೆಡ್ಡಿನಿಂದ ಯಾರೂ ಐಸು ಕೊಳ್ಳುವುದಿಲ್ಲವೆಂದು ಅಲ್ಲಿಯೇ ತೀರ್ಮಾನವಾಯಿತು.

ಯಾವುದನ್ನು ಬಿಡಬೇಕು ಎಂಬುದಕ್ಕೂ ದಡದಲ್ಲಿ ನಿಯಮವಿದೆ. ಜನ ನಿಂತು ಎಳೆದ ಬಲೆಯ ಪಾಲು ಉಳಿಯುತ್ತದೆ, ಹೆಸರಿಗೆ ಮಾತ್ರ ಹಿಡಿದದ್ದು ಹೋಗುತ್ತದೆ. ಹೀಗೆ ಗೋಲ್ಡನ್ ಆಂಕರಿನ ಸೀಟು ಹೋಯಿತು. ಮಂಜುಗಡ್ಡೆ ಶೆಡ್ಡಿನಲ್ಲಿ ಕರಗುತ್ತಿರುವುದನ್ನು ಎರಡು ದಿನ ನೋಡಿದ ಮೇಲೆ ಕುಸುಮಳೂ ಟೈಯ ಮಾತನ್ನು ಎತ್ತಲಿಲ್ಲ. ಮನೀಷನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವನಿಗೆ ಎರಡು ಶಾಲೆಗಳಲ್ಲಿ ಯಾವುದು ಇಷ್ಟವೆಂಬುದು ಇವತ್ತಿಗೂ ನಮಗೆ ತಿಳಿಯದು.

ಮಾರ್ಚ್ ತಿಂಗಳ ಸಭೆಯಲ್ಲಿ ಚಂದಯ್ಯ ತಾನಾಗಿಯೇ ಅಧ್ಯಕ್ಷಗಿರಿ ಬಿಟ್ಟ. ಹೆಸರು ಕಲ್ಲಿನಲ್ಲಿ ಕೊರೆದಾಗಿತ್ತು. ಸ್ವರ್ಣಲತಾ ಅವರ ಕೋಣೆಗೆ ಹೋದರೆ ಮೊದಲಿನಂತೆ ಚಹಾ ಬರುತ್ತಿರಲಿಲ್ಲ. ಅವನ ಜಾಗಕ್ಕೆ ಎಂಟನೆಯ ತರಗತಿಗೆ ಬರಲಿದ್ದ ಹುಡುಗಿಯೊಬ್ಬಳ ತಂದೆ, ಬಲೆ ಹೆಣೆಯುವ ಕುಷ್ಟನನ್ನು ಆರಿಸಿದರು. ಜೂನ್ ತಿಂಗಳಿನಲ್ಲಿ ನವ್ಯಶ್ರೀ ಒಂಬತ್ತನೆಯ ತರಗತಿಗೆ ಕುಂದಾಪುರದ ಬಸ್ಸು ಹತ್ತಿದಳು. ಆ ಸಲ ಅವಳನ್ನು ತಡೆಯುವ ಕಾರಣ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಚಂದಯ್ಯ ಈಗ ಬರಿಯ ಮನೀಷನ ತಂದೆ. ಪೋಷಕರ ಸಭೆಗೆ ಕರೆ ಬಂದಾಗ ಬಿಳಿ ಅಂಗಿಯಿಲ್ಲದೆ ಹೋಗಿ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತ. ಮಗನ ಅಂಕಪಟ್ಟಿ ಕೈಗೆ ಬಂತು. ಗಣಿತದ ಎದುರಿಗಿದ್ದ ಅಂಕವನ್ನು ನೋಡಿ ಎದ್ದು ನಿಂತು, “ಹ್ವಾಯ್, ಇದ್ರ್ ಮಾಸ್ಟ್ರ್ ಯಾರ್?” ಎಂದು ಕೇಳಿದ. ಹಾಗೊಬ್ಬ ಮಾಸ್ಟ್ರು ನಾಲ್ಕು ವರ್ಷದಿಂದ ಇಲ್ಲವೆಂದೂ, ಇದ್ದವರು ವರ್ಗವಾಗಿ ಹೋದ ಮೇಲೆ ಯಾರೂ ಬಂದಿಲ್ಲವೆಂದೂ, ಕಚೇರಿ ಕೆಲಸದ ನಡುವೆ ತಾನೇ ಆದಷ್ಟು ಹೇಳಿಕೊಡುತ್ತಿರುವೆನೆಂದೂ ಸ್ವರ್ಣಲತಾ ತಿಳಿಸಿದರು. ಈ ಸಂಗತಿ ಏಳು ವರ್ಷ ಅಧ್ಯಕ್ಷನಾಗಿದ್ದವನಿಗೆ ಆಗ ಗೊತ್ತಾಯಿತು.

ಅವನು ಪುನಃ ಕಚೇರಿಗಳ ಮೆಟ್ಟಿಲು ಹತ್ತಿದ, ಈ ಸಲ ಮೀನಿಲ್ಲದೆ, ಹೆಗಲ ಮೇಲೆ ಶಾಲು ಇಲ್ಲದೆ, ಮಗನ ಅಂಕಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು. ಬೈಸಿಕೊಂಡ, ಬೈದ, ಮೊಗಸಾಲೆಯ ಬೆಂಚುಗಳಲ್ಲಿ ನಿದ್ದೆ ಹೋದ. 2009ರ ಜುಲೈ ತಿಂಗಳಿನಲ್ಲಿ ಗಣಿತಕ್ಕೆ ಪ್ರವೀಣ್ ಎಂಬ ತರುಣ ಶಿಕ್ಷಕರು ಬಂದರು. ಆ ದಿನ ಚಂದಯ್ಯ ಜಗಲಿಯಲ್ಲಿ ಕುಳಿತು ತನ್ನ ಪರಾಕ್ರಮವನ್ನು ಮನೆಯವರಿಗೆ ಮೊದಲಿನಿಂದ ಹೇಳುತ್ತಿದ್ದಾಗ, ಬಸ್ಸಿಳಿದು ಬಂದ ನವ್ಯಶ್ರೀ ಚಪ್ಪಲಿ ಬಿಚ್ಚುತ್ತ ನಿಂತಳು. ಹತ್ತನೆಯ ತರಗತಿಯಲ್ಲಿ ಗಣಿತ ಅವಳಿಗೆ ಹಗ್ಗ ಜಗ್ಗಾಟವಾಗಿತ್ತು.

“ನಾ ಇದ್ದಾಗ್ಲೂ ಲೆಕ್ಕದ್ ಮಾಸ್ಟ್ರ್ ಇರ್ಲಿಲ್ಲ ಅಪ್ಪಯ್ಯ. ಐದ್ರಿಂದ್ಲೇ ಇರ್ಲಿಲ್ಲ.”

“ಹೌದಾ? ನೀ ಹೇಳ್ಲೇ ಇಲ್ಲಲೆ?”

“ಹೇಳಿದ್ದೆ. ಒಂದಲ್ಲ, ಎರಡ್ ಸಲ.”

ಚಂದಯ್ಯ ನೆನಪು ಮಾಡಿಕೊಂಡ. ನಂತರ ಯಾವ ಮುಜುಗರವೂ ಇಲ್ಲದೆ, ಲೋಕದಲ್ಲಿ ಇದಕ್ಕಿಂತ ಸಹಜವಾದದ್ದು ಇಲ್ಲವೆಂಬಂತೆ ಮಗಳಿಗೆ ಉತ್ತರ ಕೊಟ್ಟ:

“ಆಗ ನಂಗ್ ಪುರ್ಸೊತ್ತ್ ಎಲ್ಲಿತ್ತ್ ಮಗಾ? ಅಧ್ಯಕ್ಷ ಅಲ್ದಾ ನಾನ್?”